ಹೊಳೆಯುವ ಅಂಚು ಎರಡೇ ದಿನದಲ್ಲಿ ಬಿರಿದದ್ದೇಕೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಮರಗೆಲಸ ಮಾಡುವವನು. ಕಾಫಿ ಪುಡಿ ಅಂಗಡಿಯವರೊಬ್ಬರು ಹುರಿದ ಬೀಜ ಗಿರಾಕಿಗಳಿಗೆ ಕಾಣುವಂತೆ ಎಂಟು ಪೆಟ್ಟಿಗೆ ಮಾಡಿಕೊಡಲು ಹೇಳಿದರು. ತಳ ಮತ್ತು ಹಿಂಬದಿ ತೇಗದ್ದು. ಮುಂಬದಿ, ಪಕ್ಕ ಮತ್ತು ಮುಚ್ಚಳಕ್ಕೆ 6 ಮಿ.ಮೀ. ದಪ್ಪದ ಪಾರದರ್ಶಕ ಆಕ್ರಿಲಿಕ್ (ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್) ಶೀಟು ತಂದೆ. ಜಿಗ್‌ಸಾದಲ್ಲಿ (ಸಣ್ಣ ಬ್ಲೇಡಿನ ವಿದ್ಯುತ್ ಗರಗಸ) ಕತ್ತರಿಸಿ, ಮುಚ್ಚಳದ ಮೂಲೆಗಳನ್ನು ದುಂಡಾಗಿಸಿ, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಕೊನೆಗೆ ಗ್ಯಾಸ್ ಟಾರ್ಚಿನ ಬೆಂಕಿ ಹಾಯಿಸಿದೆ. ಕೆಲವು ಕಡೆ ಗಾಜಿನ ಹಾಗೆ ಹೊಳಪು ಬಂತು, ಕೆಲವು ಕಡೆ ಗುಳ್ಳೆ ಎದ್ದಿತು. ಕ್ಲೋರೋಫಾರ್ಮ್‌ನಿಂದ ಅಂಟಿಸಿ, ಬೆರಳಿನ ಗುರುತು ಹೋಗಲೆಂದು ಸ್ಪಿರಿಟ್ ಹಾಕಿ ಒರೆಸಿದೆ. ಎರಡು ದಿನ ಕಳೆಯುವಷ್ಟರಲ್ಲಿ, ಚೆನ್ನಾಗಿ ಹೊಳೆಯುತ್ತಿದ್ದ ಅಂಚುಗಳಲ್ಲೇ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡವು. ಶೀಟು ಕಳಪೆಯೇ? ಅಂಚು ಮುಗಿಸುವ ಸರಿಯಾದ ಕ್ರಮ ಯಾವುದು? ಮಾಡಿರುವ ಪೆಟ್ಟಿಗೆಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಶೀಟು ಮಾರಿದವರನ್ನು ದೂರುವ ಮೊದಲು ಒಂದು ವಿಷಯ ಗಮನಿಸಿ. ಬಿರುಕು ಬಿಟ್ಟಿರುವುದು ಹೊಳಪು ಬಂದ ಅಂಚಿನಲ್ಲಿ ಎಂದು ನೀವೇ ಬರೆದಿದ್ದೀರಿ. ಶೀಟೇ ಕಳಪೆಯಾಗಿದ್ದರೆ ಬೆಂಕಿ ತಾಗದ ಜಾಗದಲ್ಲೂ ಅದು ಬಿರಿಯಬೇಕಿತ್ತು. ಹಾಗಾಗಿಲ್ಲವಾದ ಕಾರಣ, ದೋಷವಿರುವುದು ಬೆಂಕಿ ಮತ್ತು ಸ್ಪಿರಿಟ್ ಒಂದರ ಹಿಂದೊಂದು ಬಂದ ಕ್ರಮದಲ್ಲಿ ಎಂದು ನಾನು ಬಹುಮಟ್ಟಿಗೆ ಖಚಿತವಾಗಿ ಹೇಳಬಲ್ಲೆ. ಹಾಸನದಲ್ಲಿ ಈ ಕೆಲಸ ಶುರು ಮಾಡಿದ ಹೊಸದರಲ್ಲಿ, ಕಾಲೇಜೊಂದಕ್ಕೆ ಬಹುಮಾನದ ಕಪ್‌ಗಳನ್ನು ಇಡುವ ಪಾರದರ್ಶಕ ಕಪಾಟು ಮಾಡಿಕೊಟ್ಟಾಗ ನನಗೂ ಇದೇ ಆಯಿತು. ಸಂಜೆ ಸ್ಪಿರಿಟ್‌ನಲ್ಲಿ ಒರೆಸಿ ಬೀಗ ಹಾಕಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಅಂಚಿನ ಉದ್ದಕ್ಕೂ ಬಾಚಣಿಗೆಯ ಹಲ್ಲುಗಳಂತೆ ಒಂದರ ಪಕ್ಕ ಒಂದು ಬಿರುಕು. ಶೀಟು ಕೊಟ್ಟ ಅಂಗಡಿಯವರ ಮೇಲೆ ಹೋಗಿ ರೇಗಿದೆ. ಅವರು ಅದೇ ಶೀಟಿನ ಉಳಿದ ತುಂಡೊಂದನ್ನು ತಂದು, ಬೆಂಕಿ ಹಾಕದ ಅಂಚಿಗೆ ಅದೇ ಸ್ಪಿರಿಟ್ ಹಚ್ಚಿ ನನ್ನ ಕೈಗೆ ಕೊಟ್ಟರು. ಆ ತುಂಡಿಗೆ ಇಂದಿಗೂ ಏನೂ ಆಗಿಲ್ಲ.

ನಡೆಯುವುದು ಇಷ್ಟು. ಟಾರ್ಚಿನ ಬೆಂಕಿ ಅಂಚಿನ ಮೇಲ್ಪದರವನ್ನು ಮಾತ್ರ ಕರಗಿಸುತ್ತದೆ. ಅದರ ಕೆಳಗಿನ ಆಕ್ರಿಲಿಕ್ ತಣ್ಣಗೇ, ಗಟ್ಟಿಯಾಗಿಯೇ ಉಳಿದಿರುತ್ತದೆ. ಕರಗಿದ ಪದರ ಆರುವಾಗ ಕುಗ್ಗಬೇಕು, ಆದರೆ ಕೆಳಗಿನ ಗಟ್ಟಿ ಭಾಗ ಅದನ್ನು ಕುಗ್ಗಲು ಬಿಡುವುದಿಲ್ಲ. ಹೀಗಾಗಿ ಆ ತೆಳುವಾದ ಹೊಳೆಯುವ ಪದರ ಸದಾ ಎಳೆದು ಕಟ್ಟಿದ ಸ್ಥಿತಿಯಲ್ಲೇ ಇರುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಸ್ಪಿರಿಟ್, ಥಿನ್ನರ್, ಪೆಟ್ರೋಲ್, ಅಸಿಟೋನ್ ಅಥವಾ ಅಮೋನಿಯಾ ಬೆರೆತ ಗಾಜು ಒರೆಸುವ ದ್ರವ, ಇವುಗಳಲ್ಲಿ ಯಾವುದು ಸೋಕಿದರೂ ಆ ಬಿಗಿತ ಬಿರುಕಾಗಿ ಹೊರಬರುತ್ತದೆ. ಕ್ಲೋರೋಫಾರ್ಮ್ ಅಂತೂ ಆಕ್ರಿಲಿಕ್ಕನ್ನು ಕರಗಿಸಿಯೇ ಅಂಟಿಸುವ ದ್ರವವಾದ್ದರಿಂದ, ಬೆಂಕಿ ಹಾಯಿಸಿದ ಅಂಚಿನ ಬಳಿ ಅದರ ಆವಿ ಸುಳಿದರೂ ಸಾಕಾಗುತ್ತದೆ. ಮೊಂಡು ಬ್ಲೇಡಿನಿಂದ ಕತ್ತರಿಸಿದಾಗ, ಬಿಡುವಿಲ್ಲದೆ ಒಣಗಿದ ಪೇಪರ್ ಉಜ್ಜಿದಾಗ, ಹೊಳಪು ಕೊಡುವ ಬಟ್ಟೆಯ ಬಫ್ ಚಕ್ರಕ್ಕೆ ಬಲವಾಗಿ ಒತ್ತಿ ಹಿಡಿದಾಗ ಕೂಡ ಇದೇ ಬಿಗಿತ ಸ್ವಲ್ಪ ಸ್ವಲ್ಪವಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಅಂಚಿನ ಕೆಲಸದಲ್ಲಿ ಹೊಳಪು ತರುವುದೆಷ್ಟು ಮುಖ್ಯವೋ, ಪ್ರತಿ ಹಂತದಲ್ಲೂ ಬಿಸಿಯನ್ನು ಕಡಿಮೆ ಮಾಡುವುದು ಮತ್ತು ಸೇರಿಕೊಂಡ ಬಿಗಿತವನ್ನು ಕೊನೆಗೆ ಬಿಡಿಸುವುದು ಅಷ್ಟೇ ಮುಖ್ಯ. ಮುಂದೆ ಬರೆಯುವುದನ್ನೆಲ್ಲ ಈ ದೃಷ್ಟಿಯಿಂದಲೇ ಓದಿಕೊಳ್ಳಿ.

ನಿಮ್ಮ ಬಳಿ ಇರುವ ಶೀಟು ಯಾವ ಬಗೆಯದೆಂದು ತಿಳಿದುಕೊಳ್ಳುವುದು ಒಳ್ಳೆಯದು. 1930ರ ದಶಕದಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂದೂ ಇಂಗ್ಲೆಂಡಿನಲ್ಲಿ ಪರ್ಸ್‌ಪೆಕ್ಸ್ ಎಂದೂ ಹೆಸರಾದ ಈ ವಸ್ತುವನ್ನು ಎರಡು ಗಾಜಿನ ಹಲಗೆಗಳ ನಡುವೆ ದ್ರವವಾಗಿ ಸುರಿದು ಗಟ್ಟಿಗೊಳಿಸುವುದು ಒಂದು ವಿಧಾನ; ಇದನ್ನು ಕಾಸ್ಟ್ ಶೀಟು ಎನ್ನುತ್ತಾರೆ. ಕರಗಿಸಿದ ಪ್ಲಾಸ್ಟಿಕ್ಕನ್ನು ಯಂತ್ರದ ಸೀಳಿನ ಮೂಲಕ ತಳ್ಳಿ, ರೋಲರ್‌ಗಳ ನಡುವೆ ಹಾಯಿಸಿ ತೆಗೆಯುವುದು ಇನ್ನೊಂದು. ಇದು ಎಕ್ಸ್‌ಟ್ರೂಡೆಡ್ ಶೀಟು. ಎರಡನೆಯದು ಅಗ್ಗ, ದಪ್ಪವೂ ಉದ್ದಕ್ಕೂ ಒಂದೇ ಸಮ. ಆದರೆ ಅದು ಬೇಗ ಮೆತ್ತಗಾಗುತ್ತದೆ, ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ತಯಾರಾಗುವಾಗಲೇ ತನ್ನೊಳಗೆ ಒಂದಿಷ್ಟು ಬಿಗಿತವನ್ನು ಇಟ್ಟುಕೊಂಡು ಬಂದಿರುತ್ತದೆ. ಕಾಸ್ಟ್ ಶೀಟಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದಪ್ಪದಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಇವೆರಡನ್ನೂ ಗುರುತಿಸಲು ನಾನು ನಂಬುವುದು ಗರಗಸದ ಪುಡಿಯನ್ನು. ಪುಡಿ ಒಣಗಿ, ಅಂಗೈಯಲ್ಲಿ ಹಿಡಿದು ಊದಿದರೆ ಹಾರುವಂತಿದ್ದರೆ ಅದು ಕಾಸ್ಟ್. ನೂಲಿನಂತೆ ಎಳೆ ಎಳೆಯಾಗಿ ಬಂದು ಬ್ಲೇಡಿನ ಹಲ್ಲುಗಳ ನಡುವೆ ಅಂಟಿಕೊಂಡರೆ ಎಕ್ಸ್‌ಟ್ರೂಡೆಡ್. ಮುಂದಿನ ಸಲ ಬಿಲ್ ಮಾಡಿಸುವಾಗ ಕಾಸ್ಟ್ ಶೀಟೇ ಬೇಕೆಂದು ಬಾಯಿಬಿಟ್ಟು ಹೇಳಿ. ಬಿಲ್ಲಿನಲ್ಲಿ ಬರೀ ಆಕ್ರಿಲಿಕ್ ಎಂದಿದ್ದರೆ ಯಾವುದು ಬಂದರೂ ನೀವು ಕೇಳುವಂತಿಲ್ಲ.

ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಶೀಟನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಏಟು ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಅಂಚಿಗೆ ಬೆಂಕಿ ಹಾಯಿಸಿದರೆ ಹೊಳಪಿನ ಬದಲು ಗುಳ್ಳೆ ಮತ್ತು ಕಂದು ಬಣ್ಣ ಬರುತ್ತದೆ. ಗಾಳಿಯ ತೇವವನ್ನು ಹೀರಿಕೊಂಡಿದ್ದರೆ ಗುಳ್ಳೆ ಇನ್ನೂ ಹೆಚ್ಚು. ನಿಮ್ಮ ಮಳೆಗಾಲ ಎಂಥದ್ದೆಂದು ನಾನು ಹೇಳಬೇಕಾಗಿಲ್ಲ.

ಈಗ ಕತ್ತರಿಸುವ ವಿಷಯ. ಶೀಟಿನ ಎರಡೂ ಮುಖಗಳಿಗೆ ಅಂಟಿಸಿರುವ ಕಾಗದ ಅಥವಾ ಪ್ಲಾಸ್ಟಿಕ್ ಹೊದಿಕೆಯನ್ನು ಕೆಲಸ ಮುಗಿಯುವವರೆಗೂ ಕೀಳಬೇಡಿ. ಗುರುತು ಹಾಕುವುದೂ ಅದರ ಮೇಲೆಯೇ ಆಗಲಿ. ಜಿಗ್‌ಸಾ ಬಳಸುವುದು ತಪ್ಪಲ್ಲ. ಆದರೆ ಮರಕ್ಕೆ ಹಾಕುವ ದೊಡ್ಡ ಹಲ್ಲಿನ ಬ್ಲೇಡು ಅಂಚನ್ನು ಚೂರು ಚೂರಾಗಿ ಕೀಳುತ್ತದೆ, ಲೋಹಕ್ಕೆ ಹಾಕುವ ಅತಿ ಸಣ್ಣ ಹಲ್ಲಿನ ಬ್ಲೇಡು ಪುಡಿಯನ್ನು ಹೊರಗೆ ಹಾಕಲಾರದೆ ಅಲ್ಲೇ ಕರಗಿಸುತ್ತದೆ. ಕತ್ತರಿಸಿದ ಗೆರೆಯೇ ಹಿಂದಿನಿಂದ ಮತ್ತೆ ಅಂಟಿಕೊಂಡು ಕೂರುವುದನ್ನು ನೀವೂ ನೋಡಿರಬಹುದು. ಪ್ಲಾಸ್ಟಿಕ್ಕಿಗೆಂದೇ ಬರುವ ಮಧ್ಯಮ ಹಲ್ಲಿನ ಬ್ಲೇಡು ತಂದು, ವೇಗ ತಗ್ಗಿಸಿ, ಶೀಟನ್ನು ಅಲುಗಾಡದಂತೆ ಪ್ಲೈವುಡ್ ಮೇಲೆ ಕ್ಲಾಂಪ್ ಮಾಡಿ, ಬ್ಲೇಡನ್ನು ತಳ್ಳದೆ ಅದರ ಪಾಡಿಗೆ ಅದು ಹೋಗುವಂತೆ ನಡೆಸಿ. ನೇರ ಗೆರೆಗಳಿಗೆ ಮೇಜಿನ ಗರಗಸವಿದ್ದರೆ ಅದೇ ಉತ್ತಮ. 10 ಇಂಚಿನ ಚಕ್ರಕ್ಕೆ 60ರಿಂದ 80 ಕಾರ್ಬೈಡ್ ಹಲ್ಲುಗಳಿರಲಿ. 3 ಮಿ.ಮೀ.ವರೆಗಿನ ಶೀಟಿಗೆ ಗರಗಸವೇ ಬೇಡ. ಆಕ್ರಿಲಿಕ್ ಕಟ್ಟರಿನಿಂದ ಸ್ಟೀಲ್ ಪಟ್ಟಿಯ ಪಕ್ಕದಲ್ಲಿ ಏಳೆಂಟು ಸಲ ಒಂದೇ ಗೆರೆಯಲ್ಲಿ ಗೀರಿ, ಗೆರೆಯನ್ನು ಮೇಜಿನ ಅಂಚಿಗೆ ಸರಿಹೊಂದಿಸಿ ಒಮ್ಮೆಲೇ ಒತ್ತಿದರೆ ಕಡ್ಡಿ ಮುರಿದಂತೆ ಮುರಿಯುತ್ತದೆ. ಹೀಗೆ ಮುರಿದ ಅಂಚಿನಲ್ಲಿ ಬಿಸಿಯ ಸೋಂಕೇ ಇರುವುದಿಲ್ಲ.

ಯಾವ ಸಾಧನವಾದರೂ ಸರಿ, ಅಂತಿಮ ಅಳತೆಗಿಂತ 1ರಿಂದ 2 ಮಿ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಮುಚ್ಚಳದ ದುಂಡು ಮೂಲೆಗಳಿಗೆ ನಾನು ಅನುಸರಿಸುವ ಕ್ರಮವೆಂದರೆ, ಮೊದಲು ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಒಂದು ಮಾದರಿ ಹಲಗೆ ಮಾಡಿಕೊಳ್ಳುವುದು. ಅದನ್ನು ಅರ ಹಾಕಿ, ಉಜ್ಜಿ, ಬೆರಳು ಸವರಿದರೆ ಎಲ್ಲೂ ತಡೆಯದಷ್ಟು ನಯ ಮಾಡಬೇಕು, ಏಕೆಂದರೆ ಅದರಲ್ಲಿರುವ ಸಣ್ಣ ಉಬ್ಬೂ ಎಂಟು ಮುಚ್ಚಳಗಳಿಗೂ ಹೋಗುತ್ತದೆ. ಎರಡು ಬದಿಯ ಟೇಪಿನಿಂದ ಅದನ್ನು ಶೀಟಿಗೆ ಅಂಟಿಸಿ, ಬೇರಿಂಗ್ ಇರುವ ನೇರ ಬಿಟ್ ಹಾಕಿದ ರೌಟರಿನಿಂದ (ತಿರುಗುವ ಬಿಟ್‌ನಿಂದ ಅಂಚು ಕೊರೆಯುವ ವಿದ್ಯುತ್ ಸಾಧನ) ಸುತ್ತಲೂ ಸವರಿದರೆ ಎಂಟೂ ಒಂದೇ ಅಚ್ಚಿನಲ್ಲಿ ಎರೆದಂತೆ ಬರುತ್ತವೆ. ಕೈಯಲ್ಲಿ ಹಿಡಿದ ರೌಟರನ್ನು ಹಲಗೆಯ ಹೊರ ಅಂಚಿನಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಡೆಸಬೇಕು. ಮುಳ್ಳಿನ ದಿಕ್ಕಿನಲ್ಲೇ ನಡೆಸಿದರೆ ಬಿಟ್ ಶೀಟನ್ನು ಹಿಡಿದೆಳೆದು ಮೂಲೆಯನ್ನೇ ಹಾರಿಸಿಬಿಡುತ್ತದೆ. ಒಂದೇ ಕಡೆ ನಿಲ್ಲಿಸಬೇಡಿ. ನಿಂತ ಕಡೆ ಕರಗಿ ಕಲೆ ಬೀಳುತ್ತದೆ. ಒಳಮೂಲೆಗಳೇನಾದರೂ ಇದ್ದರೆ ಅವುಗಳನ್ನು ಚೂಪಾಗಿ ಬಿಡದೆ ಮೊದಲು ಒಂದು ತೂತು ಕೊರೆದು, ಆ ತೂತಿನ ದುಂಡಿಗೆ ಗೆರೆಗಳನ್ನು ಸೇರಿಸಿ. ಚೂಪಾದ ಒಳಮೂಲೆಯಿಂದ ಇವತ್ತಲ್ಲ ನಾಳೆ ಬಿರುಕು ಹೊರಡುತ್ತದೆ.

ಇನ್ನು ಹೆರೆಯುವುದು. ಅಂಚಿನ ಕೆಲಸದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನುಭವ, ಆದರೂ ಈ ಹಂತವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗರಗಸದ ಗುರುತುಗಳನ್ನು ಪೇಪರಿನಿಂದ ಉಜ್ಜಿ ತೆಗೆಯಲು ಹೋದರೆ ಹೊತ್ತೂ ಹಿಡಿಯುತ್ತದೆ, ಬಿಸಿಯೂ ಏರುತ್ತದೆ, ನೇರವಾಗಿದ್ದ ಅಂಚು ನಡುವೆ ಉಬ್ಬಿ ತುದಿಗಳಲ್ಲಿ ಇಳಿದುಬಿಡುತ್ತದೆ. ಬದಲಿಗೆ ಹಳೆಯ ಹ್ಯಾಕ್‌ಸಾ ಬ್ಲೇಡೊಂದನ್ನು ತೆಗೆದುಕೊಂಡು, ಅದರ ಹಲ್ಲಿಲ್ಲದ ಬೆನ್ನನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಉಜ್ಜಿ, ಎರಡೂ ಬದಿಯ ಮೂಲೆಗೆರೆಗಳು 90 ಡಿಗ್ರಿಗೆ ಚೂಪಾಗುವಂತೆ ಮಾಡಿಕೊಳ್ಳಿ. ಹಲ್ಲಿನ ಬದಿಗೆ ದಪ್ಪ ಟೇಪ್ ಸುತ್ತಿಕೊಂಡರೆ ಕೈ ಕೊಯ್ಯುವುದಿಲ್ಲ. ಶೀಟನ್ನು ಎರಡು ಮರದ ಪಟ್ಟಿಗಳ ನಡುವೆ, ಅಂಚು ಮೇಲಕ್ಕೆ ಬರುವಂತೆ ಹಿಡಿಸಿ. ಬ್ಲೇಡಿನ ಬೆನ್ನನ್ನು ಅಂಚಿಗೆ ಅಡ್ಡಲಾಗಿ ಇಟ್ಟು, ನೀವು ಎಳೆಯುವ ದಿಕ್ಕಿಗೆ ಸ್ವಲ್ಪವೇ ವಾಲಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಲ್ಲಿಸದೆ ಎಳೆಯಿರಿ.

ಮೊದಲ ಕೆಲವು ಎಳೆತಗಳಲ್ಲಿ ಬಿಳಿ ಪುಡಿ ಉದುರುತ್ತದೆ, ಏಕೆಂದರೆ ಬ್ಲೇಡು ಇನ್ನೂ ಗರಗಸದ ಗುರುತುಗಳ ತುದಿಗಳನ್ನಷ್ಟೇ ಮುಟ್ಟುತ್ತಿರುತ್ತದೆ. ನಾಲ್ಕಾರು ಸಲ ಎಳೆದ ಮೇಲೆ ಪುಡಿ ನಿಂತು, ತೆಂಗಿನಕಾಯಿಯ ತುರಿಗಿಂತ ಸಣ್ಣ ಸುರುಳಿಗಳು ಬರಲಾರಂಭಿಸುತ್ತವೆ. ಅಂಚಿನ ಪೂರ್ತಿ ಉದ್ದಕ್ಕೂ, ಪೂರ್ತಿ 6 ಮಿ.ಮೀ. ಅಗಲಕ್ಕೂ ಒಂದೇ ಸುರುಳಿ ಬಂದ ದಿನ ನಿಮ್ಮ ಕೈ ಪಳಗಿತೆಂದು ತಿಳಿಯಿರಿ. ಕರಕರ ಸದ್ದಿನೊಂದಿಗೆ ಅಲೆ ಅಲೆಯಾದ ಗುರುತು ಬೀಳುತ್ತಿದ್ದರೆ ಬ್ಲೇಡನ್ನು ತುಂಬ ವಾಲಿಸಿದ್ದೀರಿ, ಇಲ್ಲವೇ ಶೀಟು ಸಡಿಲವಾಗಿ ಅದುರುತ್ತಿದೆ ಎಂದರ್ಥ. ಆಗ ಒತ್ತಡ ಹೆಚ್ಚಿಸಬಾರದು. ಬ್ಲೇಡನ್ನು ಅಡ್ಡಕ್ಕೆ ಸ್ವಲ್ಪ ಓರೆಯಾಗಿ ಹಿಡಿದು ಎಳೆದರೆ ಅಲೆಗಳು ಕತ್ತರಿಸಿಹೋಗುತ್ತವೆ. ಮರಕ್ಕೆ ಉಜ್ಜುಗೊರಡು ಹೊಡೆದ ಕೈಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮರಕ್ಕೆ ಎಳೆಯ ದಿಕ್ಕಿದೆ, ಇದಕ್ಕೆ ಇಲ್ಲ, ಅಷ್ಟೇ ವ್ಯತ್ಯಾಸ. ಕೊನೆಗೆ ಎರಡೂ ಮೂಲೆಗೆರೆಗಳ ಮೇಲೆ ಬ್ಲೇಡನ್ನು 45 ಡಿಗ್ರಿಯಲ್ಲಿ ಒಮ್ಮೆ ಹಗುರವಾಗಿ ಹಾಯಿಸಿ, ಅರ್ಧ ಮಿ.ಮೀ.ಯಷ್ಟು ಮುರಿದುಬಿಡಿ. ಕಾಫಿ ಬೀಜ ತೆಗೆಯಲು ದಿನಕ್ಕೆ ನೂರು ಸಲ ಕೈ ಹಾಕುವ ಜಾಗ ಅದು. ಮುರಿಯದೆ ಬಿಟ್ಟ ಗೆರೆ ಕೈ ಕೊಯ್ಯುತ್ತದೆ, ತಾನೂ ಚಕ್ಕೆ ಏಳುತ್ತದೆ.

ಹೆರೆದ ಅಂಚನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗರಗಸದ ಒಂದೇ ಒಂದು ಗುರುತು ಉಳಿದಿದ್ದರೂ ಮತ್ತೆ ಹೆರೆಯಬೇಕು. ಬೆಂಕಿ ಹಾಯಿಸಿದರೆ ಅದೂ ಮುಚ್ಚಿಹೋಗುತ್ತದೆ ಎಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ ಬೆಂಕಿಯು ಗುಂಡಿಯನ್ನು ತುಂಬುವುದಿಲ್ಲ, ಇರುವ ಗುಂಡಿಗೇ ಹೊಳಪು ಕೊಟ್ಟು ಎದ್ದು ಕಾಣಿಸುತ್ತದೆ. ಕತ್ತರಿಸಿದ ಅಂಚು ಬೆಳ್ಳಗೆ ಕಾಣುವುದಕ್ಕೂ ಇದೇ ಕಾರಣ. ಆಕ್ರಿಲಿಕ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 92 ಪ್ರತಿಶತವನ್ನು ಆಚೆಗೆ ಬಿಡುವ ವಸ್ತು. ಅಂಚಿನ ಸಾವಿರಾರು ಸಣ್ಣ ಗೀರುಗಳು ಅದೇ ಬೆಳಕನ್ನು ಕಂಡ ಕಂಡ ಕಡೆಗೆ ಚದುರಿಸುವುದರಿಂದ ಅದು ಸುಣ್ಣ ಹಚ್ಚಿದಂತೆ ಕಾಣುತ್ತದೆ. ಒಂದೊಂದು ಹಂತವೂ ಗೀರುಗಳನ್ನು ಇನ್ನಷ್ಟು ಸಣ್ಣದಾಗಿಸುತ್ತ ಹೋಗುತ್ತದೆ, ಅಷ್ಟೇ.

ಉಜ್ಜುವುದಕ್ಕೆ ನೀರಿನಲ್ಲಿ ನೆನೆಸುವ ವಾಟರ್ ಪೇಪರೇ ಆಗಬೇಕು. ಪೇಪರಿನ ನಂಬರ್ ಹೆಚ್ಚಿದಷ್ಟೂ ಅದರ ಕಾಳು ಸಣ್ಣದು. ಹೆರೆತ ಚೆನ್ನಾಗಿ ಬಂದಿದ್ದರೆ 320ರಿಂದಲೇ ಶುರು ಮಾಡಬಹುದು, ಇಲ್ಲದಿದ್ದರೆ 220. ಅಲ್ಲಿಂದ 400, 600, 800, 1000. ಪೇಪರನ್ನು ಬರಿ ಬೆರಳಲ್ಲಿ ಹಿಡಿಯದೆ ಮಟ್ಟವಾದ ಮರದ ತುಂಡಿಗೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಅಂಚು ದುಂಡಾಗುತ್ತದೆ. ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಪೇಪರು ಬೇಗ ಕಟ್ಟಿಕೊಳ್ಳುವುದಿಲ್ಲ. ಒಂದು ನಂಬರ್ ಮುಗಿದ ಮೇಲೆ ಅಂಚನ್ನೂ ಕೈಯನ್ನೂ ತೊಳೆದು, ನೀರನ್ನೂ ಚೆಲ್ಲಿ ಮುಂದಿನದಕ್ಕೆ ಹೋಗಿ; 220ರ ಒಂದು ಕಾಳು 800ರ ಪೇಪರಿನ ಕೆಳಗೆ ಸಿಕ್ಕಿಕೊಂಡರೆ ಅರ್ಧ ಗಂಟೆಯ ಕೆಲಸ ಹಾಳು. ನಮ್ಮ ಕಡೆ ಬಳಪದ ಕಲ್ಲಿನಲ್ಲಿ ಮೂರ್ತಿ ಕೆತ್ತುವವರು ಕೊನೆಯಲ್ಲಿ ನೀರು ಹಾಕಿ ಉಜ್ಜುವುದನ್ನು ನೋಡಿದ್ದರೆ ಆ ತಾಳ್ಮೆ ಎಂಥದ್ದೆಂದು ನಿಮಗೆ ಗೊತ್ತಿರುತ್ತದೆ. ಎಷ್ಟೋ ಕೆಲಸಗಳಿಗೆ 600ಕ್ಕೇ ನಿಲ್ಲಿಸಿದರೂ ಸಾಕು. ಮಂಜು ಕವಿದಂಥ ಸಮನಾದ ಅಂಚು ಕೆಲವು ಗಿರಾಕಿಗಳಿಗೆ ಹೊಳಪಿಗಿಂತ ಹೆಚ್ಚು ಇಷ್ಟವಾಗುತ್ತದೆ. ನಿಮ್ಮ ಅಂಗಡಿಯವರಿಗೆ ಎರಡನ್ನೂ ತೋರಿಸಿ ಕೇಳಿ. ತೇಗದ ಪಕ್ಕದಲ್ಲಿ ಆ ಮಂಜು ಅಂಚೇ ಚೆಂದ ಎಂಬುದು ನನ್ನ ಅಭಿಪ್ರಾಯ.

ಹೊಳಪೇ ಬೇಕೆಂದಾದರೆ ಎರಡು ದಾರಿಗಳಿವೆ: ಬಟ್ಟೆಯ ಬಫ್ ಚಕ್ರ ಅಥವಾ ಬೆಂಕಿ. ನಿಮ್ಮ ಪೆಟ್ಟಿಗೆಗಳಂತೆ ಅಂಟಿಸುವ ಕೆಲಸವಿರುವ ಕಡೆ ನಾನು ಬಫ್ ಚಕ್ರವನ್ನೇ ಆರಿಸಿಕೊಳ್ಳುತ್ತೇನೆ. ಮೃದುವಾದ ಹತ್ತಿ ಬಟ್ಟೆಯ ಚಕ್ರಕ್ಕೆ ಪ್ಲಾಸ್ಟಿಕ್ಕಿಗೆಂದು ಬರುವ ಪಾಲಿಶ್ ಮೇಣವನ್ನು ತೆಳುವಾಗಿ ಹಚ್ಚಿ, ಅಂಚನ್ನು ಹಗುರವಾಗಿ ತಾಗಿಸಿ, ಒಂದೇ ಸಮನೆ ಅತ್ತಿತ್ತ ಆಡಿಸುತ್ತಿರಬೇಕು. ಮೊದಲು ಸ್ಟೀಲಿಗೆ ಬಳಸಿದ ಚಕ್ರವನ್ನು ಇದಕ್ಕೆ ಬಳಸಬೇಡಿ. ಅಂಚು ಕೈಗೆ ಬೆಚ್ಚಗೆನಿಸಿದೊಡನೆ ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ. ಎಂಟು ಪೆಟ್ಟಿಗೆಗಳ ತುಂಡುಗಳಿರುವಾಗ ಸರದಿಯಲ್ಲಿ ಮಾಡಿದರೆ ಹೊತ್ತೂ ವ್ಯರ್ಥವಾಗುವುದಿಲ್ಲ. ಚಕ್ರದ ಮೇಲಿನ ಅರ್ಧಕ್ಕೆ ಅಂಚನ್ನು ತಾಗಿಸಿದರೆ ಅದು ಕೈಯಿಂದ ಕಿತ್ತು ಎಸೆಯುತ್ತದೆ. ಯಾವಾಗಲೂ ಕೆಳ ಅರ್ಧಕ್ಕೇ ತಾಗಿಸಬೇಕು, ಕಣ್ಣಿಗೆ ಕನ್ನಡಕವಿರಬೇಕು.

ಬೆಂಕಿಯ ವಿಧಾನಕ್ಕೆ ದೊಡ್ಡ ಕಾರ್ಯಾಗಾರಗಳಲ್ಲಿ ಜಲಜನಕ ಮತ್ತು ಆಮ್ಲಜನಕ ಬೆರೆತ ಸೂಜಿಯಂಥ ಜ್ವಾಲೆಯನ್ನು ಬಳಸುತ್ತಾರೆ, ಅದರಲ್ಲಿ ಮಸಿಯಿರುವುದಿಲ್ಲ. ನಿಮ್ಮ ಗ್ಯಾಸ್ ಟಾರ್ಚಿನಿಂದಲೂ ಆಗುತ್ತದೆ, ಆದರೆ ಜ್ವಾಲೆಯಲ್ಲಿ ಹಳದಿ ಬಣ್ಣದ ಸುಳಿವೂ ಇರಬಾರದು. ಅಂಚಿನಿಂದ ಎರಡು ಮೂರು ಸೆಂ.ಮೀ. ಅಗಲಕ್ಕೆ ಹೊದಿಕೆ ಕಿತ್ತು, ಉಜ್ಜಿದ ಅಂಚನ್ನು ತೊಳೆದು ಪೂರ್ತಿ ಒಣಗಿಸಿ, ಆಮೇಲೆ ಬೆರಳಿನಿಂದ ಮುಟ್ಟದೆ, ಜ್ವಾಲೆಯ ತುದಿಯನ್ನು ಸೆಕೆಂಡಿಗೆ ಸುಮಾರು 8ರಿಂದ 10 ಸೆಂ.ಮೀ. ವೇಗದಲ್ಲಿ ಹಾಯಿಸಿಕೊಂಡು ಹೋಗಿ. ಒಂದು ಸಲಕ್ಕೆ ಹೊಳಪು ಬಾರದಿದ್ದರೆ ಅಲ್ಲೇ ಹಿಂದಕ್ಕೆ ಬರಬೇಡಿ; ಪೂರ್ತಿ ತಣಿದ ಮೇಲೆ ಮತ್ತೊಮ್ಮೆ. ನಿಮಗೆ ಗುಳ್ಳೆ ಬಂದದ್ದು ಕೈ ನಿಧಾನವಾದ ಕಡೆ, ಅದರಲ್ಲೂ ದುಂಡು ಮೂಲೆಗಳಲ್ಲಿ ಎಂದು ಊಹಿಸುತ್ತೇನೆ, ಏಕೆಂದರೆ ಮೂಲೆಯಲ್ಲಿ ಕೈ ತಿರುಗಿಸುವಾಗ ವೇಗ ತಾನಾಗಿ ಇಳಿಯುತ್ತದೆ. ಆಕ್ರಿಲಿಕ್ಕನ್ನು ಮಿತಿಮೀರಿ ಕಾಯಿಸಿದರೆ ಅದು ಬರೀ ಕರಗುವುದಿಲ್ಲ, ತಾನು ಯಾವ ದ್ರವದಿಂದ ತಯಾರಾಗಿತ್ತೋ ಆ ದ್ರವಕ್ಕೇ ಮರಳುತ್ತದೆ. ಆ ದ್ರವ ಸುಮಾರು 100 ಡಿಗ್ರಿಯಲ್ಲೇ ಕುದಿಯುವುದರಿಂದ, ಒಳಗೆ ಹುಟ್ಟಿದೊಡನೆ ಆವಿಯಾಗಿ ಗುಳ್ಳೆ ಏಳುತ್ತದೆ. ಎದ್ದ ಗುಳ್ಳೆಯನ್ನು ಯಾವ ಪಾಲಿಶೂ ಮುಚ್ಚಲಾರದು, ಅದನ್ನು ಹೆರೆದೇ ತೆಗೆಯಬೇಕು.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಲೋರೋಫಾರ್ಮ್ ಬಾಟಲಿ ತೆರೆದಿರುವ ಕೋಣೆಯಲ್ಲಿ ಟಾರ್ಚ್ ಹಚ್ಚಲೇಬಾರದು. ಅದರ ಆವಿ ಬೆಂಕಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಉಂಟಾಗುತ್ತದೆ; ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ ಅನಿಲವದು. ಬೆಂಕಿಯಿಲ್ಲದಿದ್ದರೂ ಕ್ಲೋರೋಫಾರ್ಮ್ ಆವಿ ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಅಂಟಿಸುವ ಕೆಲಸ ಜಗುಲಿಯಲ್ಲಿ, ಗಾಳಿ ಆಡುವ ಕಡೆ ನಡೆಯಲಿ. ಬೆಂಕಿಯ ಕೆಲಸ ಬೇರೆ ದಿನ, ಬೇರೆ ಕಡೆ. ಆಕ್ರಿಲಿಕ್ ತಾನೂ ಚೆನ್ನಾಗಿ ಉರಿಯುವ ವಸ್ತುವಾದ್ದರಿಂದ ಪಕ್ಕದಲ್ಲಿ ಒದ್ದೆ ಗೋಣಿಚೀಲವೊಂದಿರಲಿ.

ಬಿಗಿತ ಬಿಡಿಸುವ ಕ್ರಮಕ್ಕೆ ಬರೋಣ. ಕತ್ತರಿಸಿ, ಹೆರೆದು, ಹೊಳಪು ಕೊಟ್ಟ ತುಂಡುಗಳನ್ನು ಹೊದಿಕೆ ಕಿತ್ತು, 80 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವು ಗಂಟೆ ಇಟ್ಟು, ನಿಧಾನವಾಗಿ ತಣಿಯಲು ಬಿಡುವುದೇ ಆ ಕ್ರಮ. ಎಷ್ಟು ಗಂಟೆ ಎಂಬುದಕ್ಕೆ ಕೆಲಸಗಾರರಲ್ಲಿ ರೂಢಿಯಲ್ಲಿರುವ ಲೆಕ್ಕವೆಂದರೆ, ಮಿ.ಮೀ.ಯಲ್ಲಿ ದಪ್ಪವನ್ನು 3ರಿಂದ ಭಾಗಿಸುವುದು, ಆದರೆ 2 ಗಂಟೆಗಿಂತ ಕಡಿಮೆ ಮಾಡದಿರುವುದು. ನಿಮ್ಮ 6 ಮಿ.ಮೀ. ಶೀಟಿಗೆ 2 ಗಂಟೆ ಸಾಕು. ಬಿಸಿ ನಿಲ್ಲಿಸಿದ ಮೇಲೆ ಬಾಗಿಲು ತೆರೆಯದೆ, ಒಳಗೇ 50 ಡಿಗ್ರಿಯ ಕೆಳಗಿಳಿಯುವವರೆಗೆ ಕಾಯಬೇಕು; ಬಿಸಿಯಾಗಿರುವಾಗಲೇ ಹೊರಗೆ ತೆಗೆದರೆ ಬಿಡಿಸಿದ ಬಿಗಿತ ಮತ್ತೆ ಬಂದು ಕೂರುತ್ತದೆ. ಸುಮಾರು 100 ಡಿಗ್ರಿ ದಾಟಿದರೆ ಆಕ್ರಿಲಿಕ್ ಮೆತ್ತಗಾಗಿ ಬಾಗುವುದರಿಂದ, ಒಲೆಯ ಗುಂಡಿಯ ಮೇಲೆ ಬರೆದ ಅಂಕಿಯನ್ನು ನಂಬದೆ ಒಳಗೊಂದು ಬೇರೆ ಥರ್ಮಾಮೀಟರ್ ಇಡಿ. ತುಂಡುಗಳನ್ನು ಮಟ್ಟವಾದ ತಟ್ಟೆಯ ಮೇಲೆ ಮಲಗಿಸಿ, ಒಂದಕ್ಕೊಂದು ತಾಗಬಾರದು. ನನ್ನ ಕಾರ್ಯಾಗಾರದಲ್ಲಿ ಇದಕ್ಕೆಂದೇ ತಗಡಿನ ಪೆಟ್ಟಿಗೆಗೆ ಹೀಟರ್, ಸಣ್ಣ ಫ್ಯಾನ್ ಮತ್ತು ಬಿಸಿ ನಿಯಂತ್ರಿಸುವ ಥರ್ಮೊಸ್ಟಾಟ್ ಕೂರಿಸಿದ್ದೇನೆ. ಅಡುಗೆಮನೆಯ ಓವನ್ನಿನಲ್ಲಿ ಮಾಡಬೇಡಿ ಎಂದು ನಾನು ಹೇಳುವುದು ಆಹಾರದ ಕಾರಣಕ್ಕೆ ಎಷ್ಟೋ, ಮನೆಯವರೊಂದಿಗಿನ ಸಂಬಂಧದ ಕಾರಣಕ್ಕೂ ಅಷ್ಟೇ.

ಅಂಟಿಸುವುದು ಇದಾದ ಮೇಲೆ. ಒಂದಕ್ಕೊಂದು ಕೂಡುವ ಅಂಚುಗಳಿಗೆ ಹೊಳಪು ಕೊಡಲೇಬಾರದು. ಬೆಂಕಿ ಹಾಯಿಸಿದ ಅಂಚು ಸ್ವಲ್ಪ ದುಂಡಾಗುತ್ತದೆ, ಬಫ್ ಮಾಡಿದ್ದೂ ಹಾಗೆಯೇ. ದುಂಡಾದ ಅಂಚನ್ನು ಮಟ್ಟಸ ಮುಖಕ್ಕೆ ಕೂರಿಸಿದರೆ ಎರಡೂ ಬದಿಯಲ್ಲಿ ಸಂದು ಉಳಿಯುತ್ತದೆ, ಅಲ್ಲಿ ಗಾಳಿಯ ಗುಳ್ಳೆ ನಿಲ್ಲುತ್ತದೆ. ಕೂಡುವ ಅಂಚನ್ನು ಹೆರೆದು, ಮೂಲೆಮಟ್ಟ ಇಟ್ಟು ನೋಡಿ, ಮೂಲೆಗೆರೆಯನ್ನು ಮುರಿಯದೆ ಹಾಗೇ ಬಿಡಿ. ಎರಡನ್ನೂ ಒಣಗಿರುವಾಗಲೇ ಜೋಡಿಸಿ ಟೇಪ್ ಹಾಕಿ, ಸಿರಿಂಜಿನ ಸೂಜಿಯಿಂದ ಸಂದಿನ ಉದ್ದಕ್ಕೂ ದ್ರವವನ್ನು ಬಿಟ್ಟರೆ ಅದು ತಾನಾಗಿ ಒಳಗೆ ಹರಿದು ಹರಡುವುದು ಕಣ್ಣಿಗೇ ಕಾಣುತ್ತದೆ. ಹೊದಿಕೆ ಕಾಗದವನ್ನು ಸಂದಿನ ಬಳಿ ಒಂದು ಸೆಂ.ಮೀ. ಕಿತ್ತಿರಬೇಕು, ಇಲ್ಲದಿದ್ದರೆ ದ್ರವ ಕಾಗದದ ಅಡಿಗೆ ಹರಿದು ಮುಖವನ್ನೇ ಕೆಡಿಸುತ್ತದೆ. ಅಂಟಿಸಿದ ಮೇಲೆ ಬೆಂಕಿಯ ಮಾತೇ ಬೇಡ.

ಆಕ್ರಿಲಿಕ್ಕನ್ನು ತೇಗಕ್ಕೆ ಕೂಡಿಸುವ ಕಡೆ ಅಂಟು ಹಾಕದೆ ಸ್ಕ್ರೂ ಹಾಕುವುದು ಸರಿ. ಬಿಸಿಲಿಗೆ ಈ ಶೀಟು ಹಿಗ್ಗುವ ಪ್ರಮಾಣ ಗಾಜಿಗಿಂತ ಏಳೆಂಟು ಪಟ್ಟು ಹೆಚ್ಚು: 1 ಮೀಟರ್ ಉದ್ದದ ಶೀಟು 20 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ. ಡಿಸೆಂಬರಿನ ನಿಮ್ಮ ಬೆಳಗಿನ ಚಳಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಇರುವ ಅಂತರ ಅಷ್ಟು ಇದ್ದೇ ಇರುತ್ತದೆ. 4 ಮಿ.ಮೀ. ಸ್ಕ್ರೂಗೆ 5 ಮಿ.ಮೀ. ತೂತು ಕೊರೆಯಿರಿ, ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗಿರಲಿ, ವಾಷರ್ ಹಾಕಿ, ಸ್ಕ್ರೂವನ್ನು ಬಿಗಿದು ಕಚ್ಚಿಸದೆ ಕೊನೆಯ ಕಾಲು ಸುತ್ತು ಬಿಡಿ. ಕೊರೆಯುವಾಗ ಅಡಿಗೆ ಪ್ಲೈವುಡ್ ತುಂಡು ಒತ್ತಿ ಹಿಡಿದಿರಬೇಕು. ಹೊಸ ಬಿಟ್‌ನ ಚೂಪು ತುಟಿಗಳನ್ನು ಸಾಣೆಗೆ ಒಮ್ಮೆ ತಾಗಿಸಿ ಸ್ವಲ್ಪ ಮೊಂಡು ಮಾಡಿಕೊಂಡರೆ, ಅದು ಶೀಟನ್ನು ಕಚ್ಚಿ ಒಡೆಯದೆ ಹೆರೆಯುತ್ತ ಇಳಿಯುತ್ತದೆ. ತೂತಿನ ಒಳಗೋಡೆಯೂ ಒಂದು ಅಂಚೇ ಎಂಬುದನ್ನು ಮರೆಯದೆ, ಪೇಪರನ್ನು ಸುರುಳಿ ಮಾಡಿ ಒಳಗೆ ನಾಲ್ಕು ಸುತ್ತು ತಿರುಗಿಸಿ.

ಅಂಗಡಿಯವರಿಗೂ ಎರಡು ಮಾತು ಹೇಳಿಡಿ. ಪೀಬೆರಿಯಾಗಲಿ ಪ್ಲಾಂಟೇಶನ್ ಎ ಆಗಲಿ, ಯಾವ ದರ್ಜೆಯ ಹುರಿದ ಬೀಜವನ್ನೂ ತಣಿಯುವ ಮೊದಲೇ ಈ ಪೆಟ್ಟಿಗೆಗಳಿಗೆ ಸುರಿಯಬಾರದು. ಬೀಜ ಬಿಡುವ ಎಣ್ಣೆಯ ಜಿಡ್ಡನ್ನು ಬೆಚ್ಚಗಿನ ನೀರು, ಸ್ವಲ್ಪ ಸೋಪು ಮತ್ತು ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒರೆಸಿದರೆ ಹೋಗುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಗೀರುತ್ತದೆ. ಸ್ಪಿರಿಟ್ ಬಾಟಲಿ ಆ ಕೌಂಟರಿನ ಹತ್ತಿರವೇ ಬೇಡ.

ಇನ್ನು ಮಾಡಿರುವ ಪೆಟ್ಟಿಗೆಗಳ ಪ್ರಶ್ನೆ. ಬಿರುಕು ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಅಂಚಿನ ಹಿಂದೆ ಕಪ್ಪು ಕಾಗದ ಹಿಡಿದು, ಮೊಬೈಲಿನ ದೀಪವನ್ನು ಪಕ್ಕದಿಂದ ಬಿಟ್ಟರೆ ಬಿರುಕುಗಳು ಬೆಳ್ಳಿ ಗೆರೆಗಳಂತೆ ಮಿನುಗುತ್ತವೆ. ಎಲ್ಲಿ ಮಿನುಗು ನಿಲ್ಲುತ್ತದೋ ಅಲ್ಲಿಯವರೆಗೆ ಆಳ. ಮುಚ್ಚಳಗಳು ಬಿಡಿಯಾಗಿರುವುದರಿಂದ ಅವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಬಿರುಕು 1 ಮಿ.ಮೀ. ಒಳಗೇ ಇದ್ದರೆ, ಮೊದಲು ತುಂಡನ್ನು 80 ಡಿಗ್ರಿಯಲ್ಲಿ 2 ಗಂಟೆ ಇಟ್ಟು ತಣಿಸಿ, ಬಿಗಿತ ಇಳಿದ ಮೇಲೆ ಬಿರುಕು ಕಾಣದಾಗುವವರೆಗೆ ಹೆರೆದು, ಉಜ್ಜಿ, ಬಫ್ ಮಾಡಿ. ಬಿಗಿತ ಇಳಿಸುವ ಮೊದಲೇ ಹೆರೆಯಲು ಹೋದರೆ ಬ್ಲೇಡಿನ ಒತ್ತಡಕ್ಕೆ ಬಿರುಕುಗಳು ಇನ್ನೂ ಒಳಗೆ ಓಡುತ್ತವೆ. ಮುಚ್ಚಳ ಸುತ್ತಲೂ ಒಂದು ಮಿ.ಮೀ. ಚಿಕ್ಕದಾದರೆ ಯಾರಿಗೂ ತಿಳಿಯುವುದಿಲ್ಲ. ಅಂಟಿಸಿರುವ ಮುಂಬದಿ ಮತ್ತು ಪಕ್ಕಗಳಲ್ಲಿ, ಬಿರುಕು ಮೇಲಿನ ತೆರೆದ ಅಂಚಿನಲ್ಲಷ್ಟೇ ಇದ್ದರೆ ಜೋಡಣೆಯನ್ನು ಬಿಚ್ಚದೆ ಅದೇ ಕ್ರಮ ಅನುಸರಿಸಬಹುದು, ತೇಗದ ಭಾಗವನ್ನು ಮಾತ್ರ ಕಳಚಿಕೊಳ್ಳಿ. ಬಿರುಕು ಅಂಟಿನ ಸಂದಿನೊಳಗೆ ಇಳಿದಿರುವ ಪೆಟ್ಟಿಗೆಯನ್ನು ಉಳಿಸುವ ಪ್ರಯತ್ನ ಬೇಡ. ಹತ್ತಾರು ಕಿಲೋ ಬೀಜ ತುಂಬಿದಾಗ ಭಾರ ಬೀಳುವುದು ಅದೇ ಸಂದಿನ ಮೇಲೆ. ಆ ಮುಂಬದಿಗಳನ್ನು ಸಂದಿನಿಂದ 10 ಮಿ.ಮೀ. ಒಳಗೆ ಕತ್ತರಿಸಿ ತೆಗೆದರೆ ಬೆಲೆಯ ಚೀಟಿ ಸಿಕ್ಕಿಸುವ ಪಟ್ಟಿಗಳಿಗೆ ಬೇಕಾದಷ್ಟು ಶೀಟು ಉಳಿಯುತ್ತದೆ. ಹೆರೆಯುವ ಕೈ ಕೂರುವವರೆಗೆ ಅಭ್ಯಾಸ ಮಾಡುವುದಕ್ಕೂ ಅವೇ ಆಗುತ್ತವೆ.